ಮಡ್‌ಗಾರ್ಡ್ ಇಲ್ಲದ ಖಾಜಾ ಚಾಚಾನ ಗಾಡಿ

ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನಿಗೆ ಬರೆ ಬರೆ ಎಂದು ಈ ಹಳೆ ಗಾಡಿ ಗುಂಪಿನವರು ಯಾಕೆ ಗಂಟುಬಿದ್ದಿದ್ದೀರೋ! ಆದರೆ ಗುಂಪಿನ ಭಾಲ್ಕಿಯವರೊಬ್ಬರು ತಮ್ಮ ಹತ್ತಿರ ಇರುವ ಗಾಡಿಯದೆಂದು ಹಾಕಿದ ಫೋಟೋ ನೋಡಿ ಸುಮ್ಮನಿರಲು ಆಗಲಿಲ್ಲ. ಗರಗಸದಿಂದ ಮಡ್‌ಗಾರ್ಡ್ ಕೊಯ್ದ ಆ ಕುರೂಪಿ, ನಾಲ್ಕು ಚಕ್ರದ ತೆರೆದ ಮಿಲಿಟರಿ ಗಾಡಿ ಔರಾದದ ನಮ್ಮ ನೆರೆಮನೆಯ ಖಾಜಾ ಚಾಚಾನದು.

"ಕಿವಿ ಕೊಯ್ದ ಎಮ್ಮಿ ಕಂಡಂಗ ಕಾಣ್ತದಲ್ಲೋ ಖಾಜಾ," ಎಂದು ಅಪ್ಪ ನಗುತ್ತಿದ್ದ.

"ಮಳಿ ಬರ್ಲಿ, ಆಮ್ಯಾಲ ನಗ್ರಿ," ಎನ್ನುತ್ತಿದ್ದ ಚಾಚಾ.

ಮಳೆ ಬಂತು, ಅವ್ವನಿಗೆ ಹೆರಿಗೆ ನೋವೂ ಬಂತು. ಬೀದರ್ ಆಸ್ಪತ್ರೆಗೆ ಬಾಡಿಗೆ ಜೀಪಿನಲ್ಲಿ ಹೊರಟೆವು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕರಿಮಣ್ಣು ತುಂಬಿಕೊಂಡು ಜೀಪು ಊರಾಚೆಯೇ ನಿಂತಿತು. ಅವ್ವ ನನ್ನ ಕೈ ಹಿಂಡುತ್ತಿದ್ದಳು. ಅಪ್ಪ ಕೋಲಿನಿಂದ ಕೆಸರು ಕೆದರುತ್ತಿದ್ದಾಗ ಸುದ್ದಿ ತಿಳಿದು ಚಾಚಾ ಬಂದ. "ಭಾಭಿಗ ಹತ್ತಸ್ರಿ!" ಅವನ ಗಾಡಿಯಲ್ಲಿ ಮಣ್ಣು ಹಿಡಿಯಲು ಜಾಗವೇ ಇರಲಿಲ್ಲ, ಎಲ್ಲ ನಮ್ಮ ಮೈಮೇಲೆ ಹಾರಿತು.

ಆಸ್ಪತ್ರೆಯಲ್ಲಿ ನರ್ಸಮ್ಮ ಹೊರಬಂದು, "ಹೆಣ್ಣು ಕೂಸು. ಇಬ್ಬರೂ ಆರಾಮ ಅದಾರ. ನೀವು ಮೊದ್ಲ ಮಾರಿ ತೊಳ್ಕೋರಿ," ಎಂದಳು. ಅಪ್ಪ ಕೆಸರು ಮೈಯಲ್ಲೇ ಚಾಚಾನನ್ನು ತಬ್ಬಿ ಅತ್ತ.

ಗಾಡಿ ಗುಜರಿಗೆ ಹೋಯಿತೆಂದುಕೊಂಡಿದ್ದೆ. ಇದೆಯಲ್ಲ, ಸಾಕು. ಅಂದು ಹುಟ್ಟಿದ ತಂಗಿ ಶಾಂತಾ ಅದನ್ನು ನೋಡಬೇಕಂತೆ. ಫೋಟೋ ಹಾಕಿದವರೇ, ಅವಳನ್ನು ಭಾಲ್ಕಿಗೆ ಯಾವತ್ತು ಕರೆತರಲಿ? ಹತ್ತನೇ ತಾರೀಖಿನೊಳಗೆ ಹೇಳಿ.