ಗೇಣುದ್ದದ ಗಾಡಿಗೆ ನೆಗ್ಗು ಹಾಕಿದ್ದು

ಬಾಲಾನಗರದ ಒಂದು ವರ್ಕ್‌ಶಾಪಿನಲ್ಲಿ ನನ್ನ ಕೆಲಸವೇ ತಪ್ಪು ಹುಡುಕುವುದಾಗಿತ್ತು. ಅದಕ್ಕೆ ಸಂಬಳವನ್ನೂ ಕೊಡುತ್ತಿದ್ದರು. ಲೇಥಿನಿಂದ ಇಳಿದ ಭಾಗಗಳನ್ನು ವರ್ನಿಯರ್ ಹಿಡಿದು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಿದ್ದರೆ ಅದರ ಮೇಲೆ ಕೆಂಪು ಬಣ್ಣದ ಒಂದು ಗುರುತು ಹಾಕಿ ಪಕ್ಕಕ್ಕೆ ಎಸೆಯುವುದು. ಕೆಂಪು ಬಿದ್ದ ಮಾಲು ಗುಜರಿಗೆ ಹೋಗುತ್ತಿತ್ತು. ಲೇಥಿನವರು ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಿದ್ದರೋ ಅದು ನನಗೆ ಗೊತ್ತಿತ್ತು, ಎದುರಿಗೆ ಮಾತ್ರ ಮೇಡಮ್ ಅನ್ನುತ್ತಿದ್ದರು. ನಿವೃತ್ತಿಯ ದಿನ ಶಾಲು ಹೊದಿಸಿದರು. ಅದರ ಅಂಚು ಸೊಟ್ಟಗಿತ್ತು. ನಾನು ಸುಮ್ಮನಿದ್ದೆ ಅಂದುಕೊಂಡಿರಾ? ಮೈಕು ಕೈಗೆ ಬಂದ ಕೂಡಲೇ ಹೇಳಿದೆ.

ನಿವೃತ್ತಿಯಾದ ಮೇಲೆ ತಪ್ಪು ಹುಡುಕಲು ಮನೆಯಲ್ಲಿ ನನಗೆ ಉಳಿದ ಮಾಲು ಒಂದೇ, ಗಂಡ.

ನಾವು ರಾಯಚೂರು ಕಡೆಯವರು, ಹೊಟ್ಟೆಪಾಡಿಗೆ ತೆಲುಗು ಸೀಮೆಗೆ ಬಂದು ನೆಲೆಸಿದವರು. ನಮ್ಮ ಮನೆಯವರು ಅಂಬಾಸಿಡರ್ ಓಡಿಸುತ್ತಿದ್ದರು. ಲಿಂಗಂಪಲ್ಲಿ ಸ್ಟೇಷನ್ನಿನ ಹೊರಗೆ ಅವರ ಬಿಳಿ ಗಾಡಿ ನಿಲ್ಲುತ್ತಿತ್ತು. ಹಬ್ಬಕ್ಕೆ ಊರಿಗೆ ಹೋಗುವ ಗಾರೆ ಕೆಲಸದವರು, ಹೆರಿಗೆಗೆ ತವರಿಗೆ ಹೊರಟವರು, ಸಂಬಂಧ ನೋಡಲು ಹೋಗಿ ಸಿಟ್ಟು ಮಾಡಿಕೊಂಡು ವಾಪಸು ಬರುವವರು, ಎಲ್ಲರೂ ಅದರಲ್ಲೇ. ಐವರ ಗಾಡಿಯಲ್ಲಿ ಒಂಬತ್ತು ಜನ, ಮೇಲೆ ಎರಡು ಚೀಲ ಜೋಳ. ಪೊಲೀಸರು ಕೈ ಅಡ್ಡ ಹಾಕಿದರೆ ತೆಲುಗಿನಲ್ಲಿ ನಮಸ್ಕಾರ, ಉರ್ದುವಿನಲ್ಲಿ ಸಬೂಬು, ಗಾಡಿ ಮುಂದೆ ಹೋದ ಮೇಲೆ ಕನ್ನಡದಲ್ಲಿ ಬೈಗುಳ. ನನ್ನನ್ನು ಬಿಟ್ಟು ಅವರು ಪ್ರೀತಿಸಿದ್ದು ಆ ಗಾಡಿಯನ್ನೇ. ಮೊದಲು ಯಾರು ಅಂತ ನಾನು ಕೇಳಲು ಹೋಗಲಿಲ್ಲ.

ಅಂಥ ಗಾಡಿಯನ್ನು ಒಂದು ದಿನ ನನಗೊಂದು ಮಾತೂ ಹೇಳದೆ ಮಾರಿ ಬಂದರು. ಯಾಕೆ ಎಂದು ಕೇಳಿದರೆ "ಸಾಕಾತು" ಅಂದರು. ಕೊಂಡವನು ಅದನ್ನು ಬಿಚ್ಚಿ ಬಿಡಿಭಾಗಗಳಿಗೆ ಮಾರಿದನಂತೆ. ಮನುಷ್ಯನಿಗೆ ಮೈಗಳ್ಳತನ ಬಂತು ಎಂದು ನಾನು ತೀರ್ಪು ಕೊಟ್ಟೆ. ಸ್ವಲ್ಪ ದಿನಕ್ಕೆ ಕಣ್ಣಿನ ಡಾಕ್ಟರು ಬೇರೆ ತೀರ್ಪು ಕೊಟ್ಟರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗುತ್ತಾ ಬಂದಿದೆ, ಅಕ್ಕಪಕ್ಕದ ನೋಟ ಹೋಗಿದೆ, ನಡುವೆ ಒಂದು ಬಳೆಯಷ್ಟು ಉಳಿದಿದೆ. ದಿನಾ ಔಷಧಿಯ ಹನಿ ಹಾಕಿದರೆ ಅಷ್ಟಾದರೂ ಕೆಲಕಾಲ ನಿಲ್ಲಬಹುದು, ಎಷ್ಟು ಕಾಲ ಎಂದು ಹೇಳಲಾಗದು ಅಂದರು.

ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಇವರು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಕೆಳಗೆ ಹೋಗುವ ಗಾಡಿಗಳ ಸದ್ದು ಕೇಳಿ ಕಾಯಿಲೆ ಹೇಳತೊಡಗಿದರು. "ಅದರ ಕ್ಲಚ್ ಹೋಗೈತಿ. ಇಂವಗ ಗೇರ್ ಹಾಕಾಕ ಯಾರ್ ಕಲಿಸಿದ್ರೋ." ಇಡೀ ಓಣಿಗೆ ಪುಕ್ಕಟೆ ಮೆಕ್ಯಾನಿಕ್. ಆದರೆ ಒಂದು ಮಧ್ಯಾಹ್ನ ಚಹಾ ಕೊಡಲು ಹೋದಾಗ, ಯಾರಿಗೋ ಹೇಳುವಂತೆ ಅಂದರು, "ಕಣ್ಣು ಇರೋದ್ರಾಗ ನಮ್ಮ ಗಾಡಿ ಒಂದ್ಸಲ ನೋಡಬೇಕಾಗಿತ್ತು." ಚಹಾದಲ್ಲಿ ಸಕ್ಕರೆ ಸರಿಯಿದೆಯಾ ಎಂದು ಕೇಳಿ ಒಳಗೆ ಬಂದುಬಿಟ್ಟೆ.

ಒಳಗೆ ಬಂದು ಲೆಕ್ಕ ಹಾಕಿದೆ. ನಿಜವಾದ ಗಾಡಿ ಎಲ್ಲಿಂದಲೋ ಸಿಕ್ಕರೂ ಬಳೆಯಷ್ಟು ನೋಟದಲ್ಲಿ ಅದು ಹಿಡಿಯುವುದಿಲ್ಲ. ಬಾಗಿಲು ಕಂಡರೆ ಬಾನೆಟ್ಟು ಕಾಣದು. ಇಪ್ಪತ್ನಾಲ್ಕರಲ್ಲಿ ಒಂದು ಪಾಲಿಗೆ ಇಳಿಸಿ ನಾನೇ ಒಂದು ಪುಟ್ಟ ಮಾದರಿ ಮಾಡಿದರೆ ಹತ್ತಿರ ಹತ್ತಿರ ಒಂದು ಗೇಣು. ಕೈಯಳತೆ ದೂರದಲ್ಲಿ ಹಿಡಿದರೆ ಬಳೆಯೊಳಗೆ ಇಡೀ ಗಾಡಿ ಕೂರುತ್ತದೆ. ಆ ಬಳೆ ಮುಚ್ಚುವುದರೊಳಗೆ ಮುಗಿಸಬೇಕು, ಅಷ್ಟೆ.

ಮುಗಿಸುವುದು ಹೇಳಿದಷ್ಟು ಸುಲಭವಿರಲಿಲ್ಲ, ಯಾಕೆಂದರೆ ಮಾಡುವವಳೂ ನಾನೇ, ತಪ್ಪು ಹುಡುಕುವವಳೂ ನಾನೇ. ಸಾಗುವಾನಿ ತುಂಡಿನಲ್ಲಿ ಗಾಡಿಯ ಆಕಾರ ಕೆತ್ತಿ, ಅದರ ಮೇಲೆ ಕಾಗದದಷ್ಟು ತೆಳುವಾದ ಹಿತ್ತಾಳೆ ತಗಡನ್ನು ಬಡಿದು ಬಡಿದು ಮೈ ಮಾಡಿದೆ. ಆಮೇಲೆ ಕಟ್ಟಿಗೆ ತೆಗೆದರೆ ಪೊಳ್ಳು ಗಾಡಿ ಕೈಯಲ್ಲಿ ಉಳಿಯುತ್ತದೆ. ಚಕ್ರಗಳನ್ನು ಹಳೆಯ ವರ್ಕ್‌ಶಾಪಿನ ಒಬ್ಬರು ಲೇಥಿನಲ್ಲಿ ಮಾಡಿಕೊಟ್ಟರು. ನಾಲ್ಕರಲ್ಲಿ ಎರಡನ್ನು ವಾಪಸು ಕಳಿಸಿದೆ. "ಮೇಡಮ್, ನೀವಿನ್ನಾ ರಿಟೈರ್ ಆಗಿಲ್ಲೇನ್ರಿ" ಎಂದು ಫೋನಿನಲ್ಲಿ ನಿಟ್ಟುಸಿರು ಬಿಟ್ಟರು. ಪಂಪಿನ ರಬ್ಬರ್ ಉಂಗುರಗಳು ಟಯರುಗಳಾದವು. ನನ್ನ ಹಳೆಯ ಪರ್ಸು ಸೀಟಾಯಿತು. ಬಂಪರಿನ ಹೊಳಪಿಗೆ ಇವರ ಮಾತ್ರೆಗಳ ಬೆಳ್ಳಿ ಹಾಳೆ ಅಂಟಿಸಿದೆ. ಅದೇ ಮಾತ್ರೆಗಳ ಪಾರದರ್ಶಕ ಗುಳ್ಳೆಗಳನ್ನು ಕತ್ತರಿಸಿದರೆ ಮುಂದಿನ ದೀಪದ ಗಾಜು. ಕಾಯಿಲೆಯಿಂದ ಅಷ್ಟಾದರೂ ಉಪಯೋಗವಾಯಿತು.

ಮೊದಲ ಬಾನೆಟ್ಟು ಸೊಟ್ಟ ಬಂತು, ಕೆಂಪು ಹಾಕಿದೆ. ಎರಡನೆಯದರ ಏಣು ನಡುವಿಗಿರಲಿಲ್ಲ, ಕೆಂಪು. ಮೂರನೆಯದರಲ್ಲಿ ತಪ್ಪು ಸಿಗಲಿಲ್ಲ, ಅನುಮಾನ ಬಂದು ಮತ್ತೊಂದು ಮಾಡಿದೆ. ಬಾಲ್ಕನಿಯಿಂದ ಇವರದು ಒಂದೇ ರಾಗ. "ಏ, ನೀ ಗಾಡಿ ಮುಗಿಸೋದ್ರಾಗ ನನ್ನ ಕಣ್ಣಲ್ಲ, ನಾನ ಹೋಗಿರ್ತೀನಿ."

"ಹೋಗೂದಿದ್ರ ಹೇಳಿ ಹೋಗ್ರಿ, ಅವಸರ ಮಾಡಿ ಕೆಲಸ ಕೆಡಿಸೂದು ತಪ್ಪತೈತಿ" ಅನ್ನುತ್ತಿದ್ದೆ. ಬಾಯಿ ಹೀಗಂದರೂ ರಾತ್ರಿಯೂ ದೀಪ ಹಾಕಿಕೊಂಡು ಕೆಲಸಕ್ಕೆ ಕೂರುತ್ತಿದ್ದೆ. ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷಿಗಾಗಿ ಅವರು ತಡಕಾಡುವುದು ಹೆಚ್ಚಾಗಿದ್ದನ್ನು ನಾನು ನೋಡುತ್ತಿದ್ದೆ.

ಕೊನೆಗೂ ಮುಗಿಯಿತು. ಹಾಲಿನಂಥ ಬಿಳಿ, ಎಲ್ಲಿ ಬೆರಳಾಡಿಸಿದರೂ ನುಣುಪು. ವರ್ನಿಯರ್ ಹಿಡಿದು ಎಲ್ಲ ಕಡೆ ಅಳೆದೆ, ಜನ್ಮದಲ್ಲಿ ಮೊದಲ ಸಲ ನನ್ನ ಮೇಲೆ ನನಗೆ ಗೌರವ ಬಂತು. ಬಾಲ್ಕನಿಯ ಬಿಸಿಲಿಗೆ ಅವರನ್ನು ಕೂರಿಸಿ ಕೈಯಲ್ಲಿಟ್ಟೆ. ಕೈ ಚಾಚಿ ಹಿಡಿದರು, ಹತ್ತಿರ ತಂದರು, ಮತ್ತೆ ದೂರ ಮಾಡಿದರು.

"ಭಾಳ ಚಲೋ ಮಾಡೀದಿ" ಅಂದರು. "ಯಾರ್ದು ಗಾಡಿ ಇದು?"

"ಯಾರ್ದಂದ್ರ? ನಮ್ದು."

"ನಮ್ಮ ಗಾಡಿ ಮೈ ಹಿಂಗ ಇತ್ತೇನ? ಇದು ಯಾವನೋ ಮಂತ್ರಿ ಗಾಡಿ. ನಮ್ದರ ನೆಗ್ಗು ಎಲ್ಲದಾವು?"

ಪಕ್ಕದಲ್ಲಿದ್ದ ತಿಂಡಿಯ ತಟ್ಟೆ ಎತ್ತಿ ಒಗೆಯಬೇಕೆನಿಸಿತು. ಒಗೆಯಲಿಲ್ಲ, ಅದರಲ್ಲಿ ಮಿರ್ಚಿ ಭಜಿ ಇದ್ದವು. ನೆಗ್ಗು ಬಿದ್ದ ಮಾಲನ್ನು ಗುಜರಿಗೆ ಕಳಿಸುವುದರಲ್ಲೇ ನನ್ನ ಆಯಸ್ಸು ಕಳೆದಿದೆ. ನನ್ನ ಕೈಯಿಂದಲೇ ನೆಗ್ಗು ಹಾಕಿಸಬೇಕೆಂದು ಈ ಮನುಷ್ಯ ಹಟ ಹಿಡಿದರೆ ಏನು ಮಾಡುವುದು? ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವರೇ ಮೆಲ್ಲಗೆ ಅಂದರು, "ಮಂದೀ ಗಾಡಿ ರೋಡಿನ ಮ್ಯಾಲೆ ಬೇಕಾದಷ್ಟದಾವು. ನನಗ ನಮ್ದು ನೋಡಬೇಕಾಗೈತಿ."

ಸರಿ, ಸುತ್ತಿಗೆ ತಂದೆ.

ನೆಗ್ಗು ಹಾಕುವುದು ನೆಗ್ಗು ತೆಗೆಯುವುದಕ್ಕಿಂತ ಕಷ್ಟ. ಉಕ್ಕಿನ ಗುಂಡು ತುದಿಯ ಕಡ್ಡಿಯನ್ನು ಇಟ್ಟು ಸಣ್ಣಗೆ ತಟ್ಟಬೇಕು, ಬಣ್ಣ ಎದ್ದರೆ ಉಜ್ಜಿ ಮತ್ತೆ ಹಚ್ಚಬೇಕು. ಇವರು ಕುರ್ಚಿಯಲ್ಲಿ ಕೂತು ಹೇಳುವುದು, ನಾನು ನೆಲದಲ್ಲಿ ಕೂತು ತಟ್ಟುವುದು. ಮೊದಲನೆಯದು ಬಲಗಡೆ ಮುಂದಿನ ಮಡ್‌ಗಾರ್ಡಿಗೆ, ಶಾದ್‌ನಗರ ದಾಟಿದ ಮೇಲೆ ಎಮ್ಮೆ ಬಡಿದದ್ದು. ಎಮ್ಮೆ ಎದ್ದು ಹಿಂದೆ ತಿರುಗಿಯೂ ನೋಡದೆ ಹೋಯಿತಂತೆ, ಗಾಡಿ ಮಾತ್ರ ಅಲ್ಲೇ ಉಳಿಯಿತಂತೆ. ನಾನು ತಟ್ಟಿ ಕೊಟ್ಟೆ. ಅವರು ಹೆಬ್ಬೆರಳಿನಿಂದ ಸವರಿ ವಾಪಸು ಕೊಟ್ಟರು. "ಇದು ಎಮ್ಮಿ ಬಡಿದಿದ್ದಲ್ಲ, ಆಡು ಬಡಿದಂಗೈತಿ. ಇನ್ನಾ ಒಳಗ ಹೋಗಬೇಕು."

ನನ್ನನ್ನೇ ರಿಜೆಕ್ಟ್ ಮಾಡಿದರು. ಲೇಥಿನವರು ಇದನ್ನು ನೋಡಬೇಕಿತ್ತು, ಊರಿಗೆಲ್ಲ ಪೇಢೆ ಹಂಚುತ್ತಿದ್ದರು.

ಡಿಕ್ಕಿಯ ಮೇಲಿನದು ಒಬ್ಬ ಮದುಮಗಳ ಕಬ್ಬಿಣದ ಟ್ರಂಕು. ಹಿಂದಿನ ಬಂಪರಿನದು ಮೆಹಬೂಬ್‌ನಗರದಲ್ಲಿ ಇವರೇ ರಿವರ್ಸ್ ತೆಗೆಯುವಾಗ ಹಾಲಿನ ಕ್ಯಾನಿಗೆ ಗುದ್ದಿದ್ದು. ತಪ್ಪು ಕ್ಯಾನಿನದಂತೆ. ಒಂದೊಂದಕ್ಕೂ ಒಂದು ಕಥೆ, ಒಂದು ಬೈಗುಳ, ಕೊನೆಗೆ ಹೆಬ್ಬೆರಳಿನ ಪರೀಕ್ಷೆ. ಗಾಡಿ ಹಾಳಾಗುತ್ತಾ ಹೋದಂತೆ ಇವರ ಮುಖ ಅರಳುತ್ತಾ ಹೋಯಿತು. ನನಗೂ ಮಜ ಬರತೊಡಗಿತ್ತು ಎಂದು ಒಪ್ಪಿಕೊಳ್ಳಬೇಕು.

"ಈಗ ಎಡಗಡಿ" ಅಂದರು. "ನಾಕದಾವು."

"ಎಡಗಡಿ ಒಂದೂ ಇರಲಿಲ್ಲರಿ. ನಾ ದಿನಾ ನೋಡ್ತಿದ್ದಿಲ್ಲೇನು?"

"ಎಡಗಡಿ ಗ್ವಾಡಿಗೆ ಹಚ್ಚಿ ನಿಲ್ಲಸ್ತಿದ್ದೆ. ನೀ ನೋಡಬಾರದಂತ."

ಕಡ್ಡಿ ಕೆಳಗಿಟ್ಟೆ. ಅವರು ಸಾವಕಾಶವಾಗಿ ಹೇಳಿದರು. ಒಂದು ಕರೆಂಟಿನ ಕಂಬ. ಒಂದು ಪಾನಿಪುರಿ ಬಂಡಿ. ಒಂದು ನಮ್ಮದೇ ಮನೆಯ ಗೇಟು. ಎಲ್ಲವೂ ಗಾಡಿ ಮಾರುವ ಮುಂಚಿನ ಕೊನೆಯ ವರ್ಷದವು. ಎಡಕ್ಕೆ ಏನೂ ಇಲ್ಲ ಎಂದುಕೊಂಡು ತಿರುಗಿಸುತ್ತಿದ್ದರು, ಇರುತ್ತಿತ್ತು.

"ನಾಕನೇದು?" ಎಂದು ಕೇಳಿದೆ.

"ನಾಕನೇದು ನೆಗ್ಗಲ್ಲ. ಎಡಗಡಿ ಕನ್ನಡಿ ಮುರಿ. ಸ್ಟೇಷನ್ ಮುಂದ ಒಬ್ಬ ಹೆಣ್ಮಗಳ ಸೆರಗು ಅದಕ್ಕ ಸಿಕ್ಕಿ ಕನ್ನಡಿ ಕಿತ್ತು ಬಂತು. ಆಕಿಗೇನೂ ಆಗಲಿಲ್ಲ. ಆದ್ರ ಆಕಿ ಅಲ್ಲಿ ನಿಂತದ್ದ ನನಗ ಕಾಣಲಿಲ್ಲ ನೋಡು. ಮರುದಿನ ಮಾರಿದೆ."

ನನಗೆ ಮೊದಲು ಬಂದದ್ದು ಸಿಟ್ಟು. ಹೇಳಬಾರದಿತ್ತೇ, ನಾನೇನು ಹುಲಿಯೇ? ಆಮೇಲೆ ದುಃಖ ಬಂತು, ಅದು ಇನ್ನೂ ಹೋಗಿಲ್ಲ. ಕೂದಲೆಳೆಯ ಸೊಟ್ಟ ಹಿಡಿಯುವ ಹೆಂಗಸು ಮನೆಯಲ್ಲಿದ್ದಾಳೆ ಎಂದೇ ಅವರು ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದರು. ಕಣ್ಣೊರೆಸಿಕೊಂಡು ಮೂರು ನೆಗ್ಗು ಹಾಕಿದೆ. ಕನ್ನಡಿ ಮುರಿದೆ. ಹೆಬ್ಬೆರಳು ಎಲ್ಲವನ್ನೂ ಒಂದೇ ಸಲಕ್ಕೆ ಪಾಸ್ ಮಾಡಿತು.

ದಸರೆಯ ಹೊತ್ತಿಗೆ ಬಳೆ ಹೋಗಿ ಉಂಗುರವಾಗಿತ್ತು, ಅದರಲ್ಲೂ ಮಂಜು. ಆಯುಧ ಪೂಜೆಯ ದಿನ ಬಾಲ್ಕನಿಯಲ್ಲಿ ಮಣೆ ಹಾಕಿ ಗಾಡಿಯನ್ನಿಟ್ಟೆವು. ಅವರು ಅದನ್ನೆತ್ತಿ ಬಿಸಿಲಿಗೆ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ತುಂಡು ತುಂಡಾಗಿ ನೋಡಿದರು, ಒಂದು ದೀಪ, ಎಮ್ಮೆಯ ನೆಗ್ಗು, ಮುರಿದ ಕನ್ನಡಿ. "ಹ್ಞಾಂ, ಈಗ ನಮ್ದು" ಅಂದರು. ಇಡಿಯಾಗಿ ಅವರಿಗೆ ಕಂಡದ್ದು ಮೊದಲ ದಿನದ ಆ ಮಂತ್ರಿ ಗಾಡಿ ಮಾತ್ರ.

ಅವರಿಗೆ ಅದರ ಚಿಂತೆ ಇರಲಿಲ್ಲ. "ನಿಂಬಿಹಣ್ಣೆಲ್ಲೈತಿ?" ಅಂದರು. ಚಕ್ರದಡಿ ನಿಂಬೆಹಣ್ಣು ಹೊಸಕದಿದ್ದರೆ ಅದೆಂಥ ಪೂಜೆ? ಆದರೆ ನಿಂಬೆಹಣ್ಣು ಚಕ್ರಕ್ಕಿಂತ ದೊಡ್ಡದು. ನಾನು ಲೆಕ್ಕ ಹಾಕಿ, ಇಪ್ಪತ್ನಾಲ್ಕರಲ್ಲಿ ಒಂದು ಪಾಲೆಂದರೆ ಸರಿಯಾಗಿ ಒಂದು ಸಾಸಿವೆ ಕಾಳು ಎಂದು ತಂದಿಟ್ಟೆ. "ಸಾಸಿವಿ ಒಗ್ಗರಣಿಗೆ ಹಾಕ್ಕೋ. ನನಗ ಕಾಣೂದಿಲ್ಲ, ಪಚ್ ಅಂತ ಕೇಳರ ಕೇಳಬೇಕು." ಬೇಯಿಸಿದ ಹಸಿರು ಬಟಾಣಿಗೆ ರಾಜಿಯಾಯಿತು. ಆಗ ಇನ್ನೊಂದು ಸಂಕಟ. ಅಲ್ಲಾಡಬಾರದೆಂದು ಚಕ್ರಗಳನ್ನು ನಾನು ಅಂಟು ಹಾಕಿ ಬಿಗಿದಿದ್ದೆ. "ಉರುಳದ ಗಾಡಿ ಗಾಡಿ ಅಲ್ಲ, ಕಾಗದದ ಮ್ಯಾಲಿಡೋ ಕಲ್ಲು" ಅಂದರು. ಬ್ಲೇಡು ತಂದು, ನಾಲ್ಕು ಅಂಟನ್ನೂ ಕೆರೆದು ಬಿಡಿಸಿದೆ. ಚಕ್ರ ತಿರುಗಿದವು, ಚೂರು ಸೊಟ್ಟಗೆ. ಅವರು ತಳ್ಳಿದರು. ಬಟಾಣಿ ಪಚ್ ಅಂದಿತು.

ಕೊನೆಗೆ ಬೆರಳಿಗೆ ಕುಂಕುಮ ಮೆತ್ತಿಕೊಂಡು ಬಾನೆಟ್ಟು ತಡಕಿ ಒಂದು ಬೊಟ್ಟು ಒತ್ತಿದರು. "ನಟ್ಟನಡುವ ಬಂತೇನು?" ಎಂದು ಕೇಳಿದರು.

ಬೊಟ್ಟು ಬಲಗಡೆಯ ದೀಪದ ನೆತ್ತಿಯ ಮೇಲೆ ಕೂತಿತ್ತು. ಬಿಳಿಯ ಮೇಲೆ ಕೆಂಪು ಗುರುತು, ಅದೂ ಜಾಗ ತಪ್ಪಿದ್ದು. ನನ್ನ ಕೈ ಅಭ್ಯಾಸಬಲದಿಂದ ಗಾಡಿಯನ್ನು ಪಕ್ಕಕ್ಕೆ ಸರಿಸಲು ಹೋಗಿತ್ತು.

"ಸರಿಯಾಗಿ ನಟ್ಟನಡುವ ಬಂದೈತ್ರಿ" ಅಂದೆ.

ಅವರು ನಕ್ಕರು. ನನ್ನ ಧ್ವನಿಯಲ್ಲೇ ಅಳತೆ ಸಿಕ್ಕಿರಬೇಕು. ಎರಡೂ ಕೈ ಮುಂದೆ ಚಾಚಿ, ಗಾಳಿಯಲ್ಲಿ ಸ್ಟೇರಿಂಗ್ ಹಿಡಿದುಕೊಂಡರು. "ಹಂಗಾರ ಹತ್ತು, ರಾಯಚೂರಿಗೆ ಹೋಗಿಬರೂಣು. ಎಡಗಡಿ ನೀ ನೋಡ್ಕೋ."

ನಾನು ಅಡುಗೆಮನೆಯಿಂದ ಸ್ಟೂಲು ತಂದು ಅವರ ಎಡಕ್ಕೆ ಹಾಕಿಕೊಂಡು ಕೂತೆ.