ಕಡಾಯಿ ಇಡದ ದೀಪಾವಳಿ

ನಮ್ಮ ಕಡೆ ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ವರ್ಷ ತುಂಬುವ ತನಕ ಹಬ್ಬಕ್ಕೆ ಒಲೆಯ ಮೇಲೆ ಎಣ್ಣೆಯ ಕಡಾಯಿ ಇಡುವುದಿಲ್ಲ. ಹಬ್ಬದ ತಿಂಡಿ ಬೀಗರು, ಬಂಧುಗಳ ಮನೆಯಿಂದ ಬರಬೇಕು. ಮನೆಯವರು ಸುಮ್ಮನೆ ಕುಳಿತಿರಬೇಕು. ಆ ವರ್ಷ ಶ್ರಾವಣದಲ್ಲಿ ನಮ್ಮ ಆಯಿ, ಅಪ್ಪನ ತಾಯಿ, ಹೋದಳು. ಶಹಾಪುರದ ನಮ್ಮ ಮನೆಗೆ ದೀಪಾವಳಿ ಕಡಾಯಿ ಇಲ್ಲದೆ ಬಂತು. ಸುಮ್ಮನೆ ಕೂಡುವುದು ಅವ್ವನ ಪಾಲಿಗೆ ಬಂತು. ಅವ್ವನಿಗೆ ಎಲ್ಲಾ ಕೆಲಸ ಬರುತ್ತಿತ್ತು, ಅದೊಂದು ಬಿಟ್ಟು.

ನಾನು ಯಾದಗಿರಿಯಲ್ಲಿ ಹೈಸ್ಕೂಲ್ ಟೀಚರ್. ರಜೆ ಸಿಕ್ಕ ಕೂಡಲೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹತ್ತಿ ತುಂಬಿದ ಟ್ರ್ಯಾಕ್ಟರುಗಳು ಅಡ್ಡ ಬರುತ್ತಿದ್ದವು. ಪ್ರತಿ ವರ್ಷ ಈ ಬಸ್ಸಿನಲ್ಲಿ ಕುಳಿತಾಗ ಮನೆಯ ವಾಸನೆ ಮೊದಲೇ ಮೂಗಿಗೆ ಬಂದುಬಿಡುತ್ತಿತ್ತು. ಈ ಸಲ ಮನೆಯಲ್ಲಿ ಯಾವ ವಾಸನೆ ಇರುತ್ತದೆ ಎಂದೇ ತಿಳಿಯಲಿಲ್ಲ. ಕಿಟಕಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ.

ಮನೆಗೆ ಬಂದರೆ ಅವ್ವ ಅಂಗಳದಲ್ಲಿ ಸ್ಟೀಲ್ ಡಬ್ಬಿಗಳನ್ನೆಲ್ಲ ಹರವಿಕೊಂಡು ತೊಳೆಯುತ್ತಿದ್ದಳು. ತಿಂಡಿ ತುಂಬಿಡುವ ಡಬ್ಬಿಗಳು.

"ತುಂಬಾಕ ಏನೂ ಇಲ್ಲಲ್ಲವ್ವ, ಯಾಕ ತೊಳಿಯಾಕತ್ತೀ?" ಅಂದೆ.

"ಧೂಳಾಗಿದ್ವು."

"ನಿನ್ನೆನೂ ತೊಳದಾಳ," ಎಂದ ಅಪ್ಪ ಒಳಗಿನಿಂದ.

ಮೊದಲ ಎರಡು ದಿನ ಅವ್ವ ಒಂದು ಕಡೆ ನಿಲ್ಲಲಿಲ್ಲ. ಪರದೆ ಒಗೆದಳು, ಒಣಗುವ ಮೊದಲೇ ತೆಗೆದು ಮತ್ತೆ ಒಗೆದಳು. ಅಡುಗೆಮನೆಗೆ ಹೋಗಿ ಏನೋ ಮರೆತವಳಂತೆ ನಿಂತು ಹೊರಗೆ ಬರುತ್ತಿದ್ದಳು. ಆಯಿ ಇದ್ದಾಗ ಹಬ್ಬದ ವಾರವೆಲ್ಲ ಆಯಿಯದೇ ಧ್ವನಿ. ಬೆಂಕಿ ಸಣ್ಣ ಮಾಡು, ಹಿಟ್ಟು ಗಟ್ಟಿ ಆತು, ಅಂಚು ಸರಿ ಒತ್ತು. ಕರ್ಚಿಕಾಯಿಯ ಒಳಗೆ ತುಂಬುವ ಹೂರಣವನ್ನು ಮಾತ್ರ ಆಯಿ ಯಾರ ಕೈಗೂ ಕೊಡುತ್ತಿರಲಿಲ್ಲ; ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಕಲಸುತ್ತಿದ್ದಳು. ಅವ್ವ ಮದುವೆಯಾಗಿ ಬಂದಾಗಿನಿಂದ ಲಟ್ಟಿಸಿದ್ದು, ಅಂಚು ಮಡಿಸಿದ್ದು ಅಷ್ಟೇ. ಅದರ ಬಗ್ಗೆ ಅವ್ವ ಎಷ್ಟು ಸಲ ಗೊಣಗಿದ್ದಳೋ. ಈಗ ಯಾರ ಮೇಲೆ ಗೊಣಗುವುದು, ಆಯಿಯೇ ಇರಲಿಲ್ಲ.

ಗೋಡೆಯಾಚೆ ಮನೆಯವಳನ್ನು ನಾವು ಖಾಲಾ, ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು; ಅವಳು ಬಟ್ಟೆ ಹೊಲಿಯುವವಳು. ಪ್ರತಿ ರಂಜಾನಿಗೆ ಮೈದಾ, ಸಕ್ಕರೆ, ತುಪ್ಪ ಕಟ್ಟಿಕೊಂಡು ಬಜಾರದ ಬೇಕರಿಯ ಭಟ್ಟಿಗೆ ಹೋಗಿ ನಾನ್‌ಖಟಾಯಿ ಮಾಡಿಸಿಕೊಂಡು ಬರುತ್ತಿದ್ದಳು. ಆಯಿ ಮೊಟ್ಟೆ ಮುಟ್ಟುವುದಿಲ್ಲವೆಂದು ಮೊದಲ ತಟ್ಟೆ ಮೊಟ್ಟೆಯಿಲ್ಲದೆ ಬೇಯಿಸಿ ನಮ್ಮ ಮನೆಗೆ ಕಳಿಸುತ್ತಿದ್ದಳು. ಅವಳು ಎರಡನೆಯ ದಿನ ಗೋಡೆಯ ಮೇಲಿಂದ ಅವ್ವನನ್ನು ಬಹಳ ಹೊತ್ತು ನೋಡಿದಳು.

"ಬೈಠೋ ಜರಾ. ಯಾಕ್ ಹಿಂಗ ತಿರಗಾಕತ್ತೀರಿ?"

"ಕುಂದರಾಕ ಆಗವಲ್ದು. ಕಡಾಯಿ ಇಡಬಾರದು, ಏನ್ ಮಾಡ್ಲಿ ನಾ?"

ಖಾಲಾ ಗೋಡೆಗೆ ಮೊಣಕೈ ಊರಿದಳು. "ಕಡಾಯಿ ಇಡಬ್ಯಾಡ ಅಂದಾರ. ಭಟ್ಟಿಗಿ ಹೋಗಬ್ಯಾಡ ಅಂತ ಯಾರ್ ಅಂದಾರ?"

ಆಮೇಲೆ ನೋಡಿದರೆ ಅವ್ವ ಅಡುಗೆಮನೆಯಲ್ಲಿ ಒಣಕೊಬ್ಬರಿ ತುರಿಯುತ್ತಿದ್ದಳು.

ಅಪ್ಪ ಬಾಗಿಲಲ್ಲಿ ನಿಂತ. "ಅಕ್ಕ ಅಮಾಸಿ ದಿನ ಬರತಾಳ. ನೋಡಿದ್ರ ಏನಂದಾಳು?" ಅಪ್ಪನ ಅಕ್ಕ, ನನ್ನ ಅತ್ತೆ, ಸುರಪುರದಲ್ಲಿದ್ದಳು. ಹಬ್ಬದ ತಿಂಡಿ ತರಬೇಕಾದವಳು ಅವಳೇ, ಮನೆಯ ರೀತಿ ರಿವಾಜು ಕಾಯುವವಳೂ ಅವಳೇ.

"ಅಂದದ್ದು ಕೇಳ್ತೀನಿ," ಎಂದಳು ಅವ್ವ. ತುರಿಯುವುದನ್ನು ನಿಲ್ಲಿಸಲಿಲ್ಲ.

ಹೂರಣಕ್ಕೆ ಏನೇನು ಹಾಕಬೇಕೆಂದು ಅವಳಿಗೆ ಖಚಿತವಿರಲಿಲ್ಲ. ಕೊಬ್ಬರಿ, ಬೆಲ್ಲ, ಎಳ್ಳು, ಏಲಕ್ಕಿ. ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚುವಳು, ತಲೆಯಲ್ಲಾಡಿಸುವಳು, ಮತ್ತೇನೋ ಹಾಕುವಳು. ನನಗೂ ತಿನ್ನಿಸಿದಳು. ಏನೋ ಕಡಿಮೆ ಇತ್ತು, ಏನೆಂದು ಹೇಳಲು ನನಗೂ ಆಗಲಿಲ್ಲ.

ಮರುದಿನ ಮಧ್ಯಾಹ್ನ ಅವ್ವ, ಖಾಲಾ, ನಾನು ಮೂವರೂ ಆಟೋದಲ್ಲಿ ಭಟ್ಟಿಗೆ ಹೋದೆವು. ಬೇಕರಿಯ ಹಿಂದೆ ಹೊಗೆ ಹಿಡಿದು ಕಪ್ಪಾದ ಕೋಣೆ, ಗೋಡೆಯಲ್ಲಿ ಸೌದೆ ಉರಿಯುವ ಬಾಯಿ. ಮದುವೆ ಮನೆಯವರು ಬಕೆಟ್ಟುಗಟ್ಟಲೆ ಹಿಟ್ಟು ತಂದು ನಮಗಿಂತ ಮುಂದೆ ಕುಳಿತಿದ್ದರು. ಖಾಲಾ ಮೈದಾ ಚೀಲದ ಮೇಲೆ ಆರಾಮಾಗಿ ಕುಳಿತು ಮಾತಿಗಿಳಿದಳು. ಅವ್ವ ಕೂಡಲಿಲ್ಲ. ಪ್ರತಿ ತಟ್ಟೆ ಒಳಗೆ ಹೋಗುವಾಗಲೂ ಬಗ್ಗಿ ನೋಡುತ್ತಿದ್ದಳು.

ನಮ್ಮ ಸರದಿ ಬಂದಾಗ ಬೇಕರಿಯವನು ಅವ್ವ ಮಡಿಸಿ ತಂದ ಕರ್ಚಿಕಾಯಿ ನೋಡಿ ಕೈ ಹಿಂದಕ್ಕೆ ತೆಗೆದ. "ಇವು ಎಣ್ಣ್ಯಾಗ ಕರಿಯೋವು ಅಲ್ರೀ ಅಮ್ಮಾ. ಭಟ್ಟ್ಯಾಗ ಒಡಿತಾವ, ಬೆಲ್ಲ ಹೊರಗ ಬರತದ."

"ಒಡದ್ರ ಒಡೀಲಿ. ಇಡ್ರಿ."

"ನನ್ನ ತಟ್ಟಿ ಕೆಡತದ್ರಿ."

"ನಾ ತಿಕ್ಕಿ ಕೊಡ್ತೀನಿ ನಿಮ್ಮ ತಟ್ಟಿ."

ಅವ್ವ ಹಾಗೆ ಹೊರಗಿನ ಗಂಡಸಿನ ಮುಂದೆ ಹಟ ಹಿಡಿದು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅವನು ಖಾಲಾನ ಮುಖ ನೋಡಿದ. ಅವಳು ಇಡು ಎಂದು ಕಣ್ಣಲ್ಲೇ ಹೇಳಿದಳು. ತಟ್ಟೆ ಒಳಗೆ ಹೋಯಿತು. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಸ್ವಲ್ಪ ಹೊತ್ತಿಗೆ ಬೆಲ್ಲ ಸುಡುವ ವಾಸನೆ ಬಂತು.

ಅರ್ಧದಷ್ಟು ಒಡೆದಿದ್ದವು. ಉಳಿದವು ಬಂಗಾರದ ಬಣ್ಣಕ್ಕೆ ಉಬ್ಬಿ, ಅಂಚು ಸ್ವಲ್ಪ ಕಂದಾಗಿ ನಿಂತಿದ್ದವು. ಅವ್ವ ಹೇಳಿದ ಮಾತಿನಂತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಲ್ಲಿಯ ಕೆಳಗೆ ಆ ತಟ್ಟೆ ತಿಕ್ಕಿದಳು. ಬೇಕರಿಯವನು ಬೇಡವೆಂದರೂ ಬಿಡಲಿಲ್ಲ. ಆಟೋದಲ್ಲಿ ಬಿಸಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, "ಬೈತಾಳ ಅಕ್ಕ," ಅಂದಳು.

ಅಮಾವಾಸ್ಯೆಯ ಬೆಳಗ್ಗೆ ಅತ್ತೆ ಬಂದಳು. ಎರಡು ಕೈಯಲ್ಲೂ ಚೀಲ, ಹೆಗಲಿಗೊಂದು. ಉಂಡಿ, ಚಕ್ಕುಲಿ, ಶಂಕರಪಾಳಿ, ಕರ್ಚಿಕಾಯಿ. ನಮ್ಮ ಓಣಿಗೆಲ್ಲ ಹಂಚಿದರೂ ಉಳಿಯುವಷ್ಟು. ಚೀಲಗಳನ್ನು ಒಳಗಿಡಲು ಅಡುಗೆಮನೆಗೆ ಹೋದವಳು ತೆರೆದ ಡಬ್ಬಿಯ ಮುಂದೆ ನಿಂತಳು.

"ಕಡಾಯಿ ಇಟ್ಟೀಯೇನು?"

"ಇಲ್ರಿ ಅಕ್ಕ. ಭಟ್ಟ್ಯಾಗ ಮಾಡಿಸೀನಿ."

"ಎಲ್ಲಿ ಮಾಡಿಸಿದ್ರೂ ಹಬ್ಬ ಮಾಡಿದಂಗ ಆತಲ್ಲ. ನಮ್ಮವ್ವ ಹೋಗಿ ಇನ್ನಾ ವರ್ಷ ಆಗಿಲ್ಲ."

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹಾಲು ತರುತ್ತೇನೆಂದು ಹೊರಟುಬಿಟ್ಟ. ಹಾಲು ಮನೆಯಲ್ಲೇ ಇತ್ತು. ನಾನು ಅವ್ವನ ಪಕ್ಕಕ್ಕೆ ಹೋಗಿ ನಿಂತೆ.

ಅವ್ವ ಮೆಲ್ಲಗೆ ಹೇಳಿದಳು: "ಸುಮ್ಮ ಕುಂತ್ರ ನಿಮ್ಮವ್ವ ಒದರಿ ಕರದಂಗ ಆಗತದ್ರಿ. ಎದ್ದು ಹೋಗಿ ನೋಡಿದ್ರ ಯಾರೂ ಇರಂಗಿಲ್ಲ. ಅದಕ್ಕ ಕೈಗಿ ಏನರ ಬೇಕಾಗಿತ್ತು. ಹಬ್ಬ ಮಾಡಬೇಕಂತ ಮಾಡಿಲ್ಲ."

ಅತ್ತೆ ಚೀಲ ಕೆಳಗಿಟ್ಟಳು. ಆಮೇಲೆ ನೆಲದ ಮೇಲೆ ಕುಳಿತು, ಡಬ್ಬಿಯಿಂದ ಒಂದು ಕರ್ಚಿಕಾಯಿ ತೆಗೆದು ಮುರಿದು, ಒಳಗಿನದನ್ನಷ್ಟೇ ಬೆರಳಿಂದ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು.

"ನಮ್ಮವ್ವನ ಕೈಯಾಂದು ಆಗಿಲ್ಲ."

"ಹೌದ್ರಿ, ಆಗಿಲ್ಲ," ಎಂದಳು ಅವ್ವ.

ಅತ್ತೆ ತನ್ನ ಚೀಲ ಬಿಚ್ಚಿ, ತಾನು ಕರಿದು ತಂದದ್ದೊಂದನ್ನು ಅವ್ವನ ಕೈಗಿಟ್ಟಳು. ಅವ್ವ ತಿಂದು ಅವಳ ಮುಖ ನೋಡಿದಳು.

"ನನ್ನವೂ ಆಗಿಲ್ಲ," ಎಂದಳು ಅತ್ತೆ. "ಮೂರು ಸಲ ಮಾಡೀನಿ. ಅದಕ್ಕ ಇಷ್ಟಾಗ್ಯಾವ. ಮನ್ಯಾಗ ಎಲ್ಲಾರೂ ಸಾಕು ಬಿಡು ಅಂದ್ರು, ನನಗ ಬಿಡಾಕ ಆಗಲಿಲ್ಲ."

ಅವಳಿಗೂ ಆಯಿ ಹೇಳಿಕೊಟ್ಟಿರಲಿಲ್ಲ. ಸೊಸೆಗೆ ಮುಚ್ಚಿಟ್ಟು ಮಗಳಿಗೆ ಹೇಳಿರಬೇಕೆಂದು ಅವ್ವ ಇಷ್ಟು ವರ್ಷ ನಂಬಿದ್ದಳು; ದಿನಾ ಜೊತೆಗಿರುವ ಸೊಸೆಗೆ ಗೊತ್ತಿದ್ದೇ ಇರುತ್ತದೆ ಎಂದು ಅತ್ತೆ ನಂಬಿದ್ದಳು. ಅದು ಬಾಯಿಗೆ ಬಂದಾಗ ಮೊದಲು ನಕ್ಕವಳು ಅತ್ತೆ. ನಕ್ಕು ಕಣ್ಣೊರೆಸಿಕೊಂಡಳು.

ಅಪ್ಪ ಹಾಲಿನ ಪಾಕೀಟು ಹಿಡಿದು ಅಂಜುತ್ತಾ ಬಾಗಿಲಿಗೆ ಬಂದಾಗ ಇಬ್ಬರೂ ಜಗಳಾಡುತ್ತಿದ್ದರು. ಗಸಗಸೆ ಇತ್ತು ಎಂದು ಒಬ್ಬಳು, ಇರಲಿಲ್ಲ ಎಂದು ಒಬ್ಬಳು. ಆಯಿ ಹುರಿದ ಪುಟಾಣಿ ಕಡಲೆಯ ಹಿಟ್ಟು ಬೆರೆಸುತ್ತಿದ್ದಳು, ವಾಸನೆ ಬರುತ್ತಿತ್ತು ಎಂದು ಅತ್ತೆ. ಜಾಜಿಕಾಯಿ ಎಂದು ಅವ್ವ. ಗೋಡೆಯಾಚೆಯಿಂದ ಖಾಲಾನನ್ನೂ ಕರೆದರು. ಅವಳು ಎರಡೂ ತಿಂದು, ಭಟ್ಟಿಯದು ಹಗುರ ಇದೆ, ಇನ್ನೊಂದು ಕೊಡಿ ಎಂದಳೇ ಹೊರತು ತೀರ್ಪು ಕೊಡಲಿಲ್ಲ. ಸಂಜೆ ಒಂದೇ ಹಣತೆ ಹಚ್ಚಿದೆವು. ಅದರ ಮುಂದೆ ಕುಳಿತೂ ಅವರ ಮಾತು ಅದೇ.

ಪಾಡ್ಯ ಮುಗಿಸಿ ಅತ್ತೆ ಸುರಪುರಕ್ಕೆ ಹೊರಟಳು. ಭಟ್ಟಿಯ ಕರ್ಚಿಕಾಯಿ ಒಂದು ಡಬ್ಬಿ ಕೇಳಿ ಕಟ್ಟಿಸಿಕೊಂಡಳು. ನಾನೂ ಅವ್ವನೂ ನಿಲ್ದಾಣದವರೆಗೆ ಹೋದೆವು. ಬಸ್ಸು ಹೊರಡುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎಳ್ಳು ಇನ್ನಾ ಜರಾ ಕೆಂಪಗ ಹುರದು ನೋಡು," ಅಂದಳು.

ಅವ್ವ ಬಿರಬಿರನೆ ನಡೆದಳು. ನಾನು ಹಿಂದೆ ಹೆಚ್ಚುಕಡಿಮೆ ಓಡಬೇಕಾಯಿತು. ಮನೆಗೆ ಬಂದವಳೇ ನೀರೂ ಕುಡಿಯದೆ ರೊಟ್ಟಿಯ ಹಂಚು ಒಲೆಗಿಟ್ಟಳು. ಅಪ್ಪ ನೋಡಿದ, ಹಂಚಿನಲ್ಲಿ ಎಣ್ಣೆಯಿಲ್ಲವೆಂದು ಖಾತ್ರಿ ಮಾಡಿಕೊಂಡು ಪೇಪರು ತೆಗೆದ. ಅವ್ವ ಎಳ್ಳು ಸುರಿದಳು. ಚಟಪಟ ಸಿಡಿಯತೊಡಗಿದಾಗ, "ಬಾ, ಇಲ್ಲಿ ನಿಂದ್ರು," ಎಂದು ನನ್ನನ್ನು ಕರೆದಳು. "ಯಾವಾಗ ತೆಗೀಬೇಕು ಅನ್ನೋದು ಇಬ್ರೂ ನೋಡೂಣು."