ಸೋರದ ಏರುಮಡಿ

ನಾನು ಓದು ನಿಲ್ಲಿಸಿದ್ದು 1989ರಲ್ಲಿ, ಏಳನೇ ಕ್ಲಾಸಿಗೆ. ಅದೇ ವಾರ ಸಂತೆಮರಹಳ್ಳಿಯಲ್ಲಿ ಗಾರೆ ಕಲಸಲು ನಿಂತೆ. ಅವತ್ತಿನಿಂದ ಇವತ್ತಿನವರೆಗೆ ನಾನು ಕಟ್ಟಿದ ಒಂದು ಸಂಪೂ, ಒಂದು ತಾರಸಿಯೂ ಸೋರಿಲ್ಲ. ಚಾಮರಾಜನಗರದಲ್ಲಿ ಯಾರನ್ನು ಬೇಕಾದರೂ ಕೇಳಿ. (ಕೇಳದಿದ್ದರೂ ನಾನೇ ಹೇಳುತ್ತೇನೆ, ಈ ಅಂಕಣ ಓದುವವರಿಗೆ ಅದು ಗೊತ್ತೇ ಇದೆ.)

ಈ ಸಲ ಹೇಳಲು ಬಾಯಿ ಬರುತ್ತಿಲ್ಲ.

ನನ್ನ ಹೆಂಡತಿ ನಾಗಮಣಿ ಗುಂಡ್ಲುಪೇಟೆ ಕಡೆಯವಳು. ಹೋದ ವರ್ಷ ಅವಳ ಅವ್ವ ತೀರಿಕೊಂಡಾಗ ಒಡವೆ, ಸೀರೆ ಎಲ್ಲ ಅಕ್ಕಂದಿರು ಹಂಚಿಕೊಂಡರು. ಇವಳು ತಂದದ್ದು ಒಂದು ಬಟ್ಟೆಯ ಗಂಟು. ಒಳಗೆ ಬೂದಿ ಬೆರೆಸಿದ ಮುಳ್ಳುಬದನೆ ಬೀಜ. ಅವ್ವ ತನ್ನ ಅವ್ವನಿಂದ ತಂದದ್ದಂತೆ. ಹಸಿರು ಮೈ, ಬಿಳಿ ಪಟ್ಟೆ, ತೊಟ್ಟಿನ ತುಂಬ ಮುಳ್ಳು, ಬೆಂದರೆ ಬೆಣ್ಣೆ. ಅಂಗಡಿಯಲ್ಲಿ ಸಿಗುವ ಜಾತಿಯಲ್ಲ. ಅವ್ವ ಬೆಳೆಯುತ್ತಿದ್ದ ಹೊಲ ಈಗ ಶುಂಠಿ ಹಾಕುವವರ ಗುತ್ತಿಗೆಯಲ್ಲಿದೆ. ಅಂದರೆ ಆ ಬೀಜ ಉಳಿದದ್ದು ಆ ಗಂಟಿನಲ್ಲಿ ಮಾತ್ರ.

ಹಾಕೋಣವೆಂದರೆ ನಮ್ಮ ಮನೆಯಲ್ಲಿ ಮಣ್ಣೆಲ್ಲಿದೆ? ಅಂಗಳಕ್ಕೆಲ್ಲ ಕಾಂಕ್ರೀಟ್. ಹಾಕಿದವನು ನಾನೇ. ಮನೆಯೊಳಗೆ ಕೆಸರು ಬರಬಾರದು ನೋಡಿ! ಅವಳಿಗೋ ಮಂಡಿನೋವು, ಬಗ್ಗಲಾಗುವುದಿಲ್ಲ. ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಸೊಂಟದೆತ್ತರಕ್ಕೆ ಗೋಡೆ ಕಟ್ಟಿ, ಮಣ್ಣು ತುಂಬಿ, ನಿಂತುಕೊಂಡೇ ತರಕಾರಿ ಬೆಳೆಯುವ ಏರುಮಡಿ.

"ಇಷ್ಟೇಯಾ?" ಎಂದೆ.

ಊರಿನವರ ಮನೆಗಳನ್ನೆಲ್ಲ ಕಟ್ಟಿದವನು ಹೆಂಡತಿಗೆ ನಾಲ್ಕು ಮಡಿ ಕಟ್ಟಲಾರನೇ? ಹಾಲೋ ಬ್ಲಾಕ್ ತಂದೆ. ರಸಮಟ್ಟ ಇಟ್ಟು ಏರಿಸಿದೆ. ಒಳಗೂ ಹೊರಗೂ ಪ್ಲಾಸ್ಟರ್. ವಾಟರ್‌ಪ್ರೂಫ್ ಪುಡಿ ಬೆರೆಸಿ ನುಣ್ಣಗೆ ತಿಕ್ಕಿದೆ. ಕ್ಯೂರಿಂಗ್‌ಗೆ ನೀರು ತುಂಬಿಸಿ, ನೀರಿನ ಮಟ್ಟಕ್ಕೆ ಇದ್ದಿಲಿನಲ್ಲಿ ಗೆರೆ ಎಳೆದೆ. ಮಾರನೇ ಬೆಳಿಗ್ಗೆ ನೀರು ಗೆರೆ ಬಿಟ್ಟು ಇಳಿದಿರಲಿಲ್ಲ.

ನಾಗಮಣಿ ಬಂದು ಇಣುಕಿದಳು.

"ಅಲ್ಲಾ, ಇದ್ರಲ್ಲಿ ನೀರು ಎಲ್ಲಿಂದ ಓಗದು?"

"ಎಲ್ಲೂ ಓಗಲ್ಲ ಕಣಮ್ಮಿ. ಕಟ್ಟಿರೋನು ಯಾರು?"

"ಇದು ಬದ್ನೆಗಿಡಕ್ಕೋ, ಎಮ್ಮೆ ಈಜಾಡಕ್ಕೋ?"

"ನಿಂಗೆ ಗಾರೆ ಕೆಲ್ಸ ಗೊತ್ತಾ? ಸುಮ್ಕಿರು."

ಅಕ್ಕನ ಮಗಳ ಬಾಣಂತನಕ್ಕೆ ಗುಂಡ್ಲುಪೇಟೆಗೆ ಹೊರಟಾಗ ಗಂಟು ನನ್ನ ಕೈಗಿಟ್ಟಳು. "ಅರ್ಧ ಹಾಕಿ. ಗಂಟು ಬರಿದು ಮಾಡ್ಬುಟ್ಟೀರಿ. ಅವ್ವ ಯಾವತ್ತೂ ಒಂದು ಹಿಡಿ ಉಳಿಸ್ಕತಿದ್ಲು."

ಕುದೇರಿನಿಂದ ಕೆಮ್ಮಣ್ಣು, ಗೊಬ್ಬರ ತರಿಸಿ ತುಂಬಿದೆ. ಬೀಜ ಚೆಲ್ಲುವಾಗ ಯೋಚನೆ ಬಂತು. ನಾಲ್ಕು ಮಡಿ ಇದೆ, ಅರ್ಧ ಯಾಕೆ? ನಾನು ಕಟ್ಟಿದ್ದರ ಮೇಲೆ ನನಗೇ ನಂಬಿಕೆ ಇಲ್ಲವೇ? ಇಡೀ ಗಂಟು ಕೊಡವಿಬಿಟ್ಟೆ.

ಮೊಳಕೆ ಬಂತು. ಸಸಿ ಗೇಣುದ್ದ ಎದ್ದಿತು. ಫೋಟೋ ತೆಗೆದು ಅವಳಿಗೆ ಕಳಿಸಿದೆ. ಆಮೇಲೆ ಎಲೆ ಬಾಡತೊಡಗಿತು. ಎಲೆ ಬಾಡಿದರೆ ಏನರ್ಥ? ನೀರು ಸಾಲದು! ಹೊಸ ಗೋಡೆಗೆ ಹೊಡೆದ ಹಾಗೆ ಬೆಳಿಗ್ಗೆ, ಸಂಜೆ ಪೈಪ್ ಹಿಡಿದು ಹೊಡೆದೆ. ಸಾಲದ್ದಕ್ಕೆ ಮಳೆಯೂ ಹಿಡಿಯಿತು. ಬುಡ ಕಪ್ಪಾಯಿತು. ಮುಟ್ಟಿದರೆ ಸಸಿ ಕೈಗೇ ಬರುತ್ತಿತ್ತು.

ಡ್ರಿಲ್ ತಂದು ಗೋಡೆಯ ಬುಡದಲ್ಲಿ ಮಡಿಗೆ ಎರಡರಂತೆ ತೂತು ಕೊರೆದೆ. ನಾತ ಹೊಡೆಯುವ ಕಪ್ಪು ನೀರು ಅಂಗಳಕ್ಕೆ ಹರಿಯಿತು. ನಾನು ಕಟ್ಟಿದ್ದು ಸೋರಲಿ ಎಂದು ಜೀವಮಾನದಲ್ಲಿ ಮೊದಲ ಸಲ ಬೇಡಿಕೊಂಡೆ. ಸೋರಿತು. ಸಸಿ ಒಂದೂ ಉಳಿಯಲಿಲ್ಲ.

ನಾಗಮಣಿಗೆ ತಿಳಿಸದೆ ಅವಳ ಊರಿನ ಬಸ್ಸು ಹತ್ತಿದೆ. ಬೇಲಿಯಂಚಿನಲ್ಲಾದರೂ ಒಂದು ಗಿಡ ಇದ್ದೀತಲ್ಲ? ಅವಳ ಅವ್ವನ ಹೊಲದ ತುಂಬ ಶುಂಠಿ. ಅದನ್ನೂ ಏರುಮಡಿಯಲ್ಲೇ ಹಾಕಿದ್ದಾರೆ. ಮಡಿಗೂ ಮಡಿಗೂ ನಡುವೆ ನೀರು ಹೊರಟುಹೋಗಲು ಕಾಲುವೆ. ಅದನ್ನೇ ನೋಡುತ್ತ ನಿಂತೆ. ಉಸ್ತುವಾರಿಯ ಕೇರಳದವನು ಬಂದ.

"ಎಂತ ಚೇಟ್ಟಾ?"

"ಇಲ್ಲಿ ಮುಳ್ಬದ್ನೆ ಗಿಡ ಏನಾದ್ರೂ ಐತಾ?"

"ಬದನೆ ಎಲ್ಲ ಇಲ್ಲ. ಮದ್ದು ಹೊಡೆದು ಕ್ಲೀನ್ ಮಾಡಿದ್ದಲ್ಲವಾ? ಶುಂಠಿ ಮಾತ್ರ."

ಹೋದ ವಾರ ನಾಗಮಣಿ ಬಂದಳು. ಬ್ಯಾಗ್ ಕೆಳಗಿಡದೆ ನೇರ ಅಂಗಳಕ್ಕೆ ಹೋದಳು. ನಾಲ್ಕೂ ಮಡಿಗಳನ್ನು ನೋಡಿದಳು.

"ಗಂಟು?"

ಬಟ್ಟೆ ಕೊಟ್ಟೆ. ಬಿಚ್ಚಿ ಕೊಡವಿದಳು. ಚೂರು ಬೂದಿ ಉದುರಿತು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು!

"ತೊಟ್ಟಿ ಗಟ್ಟಿಯಾಗೈತೆ ಬುಡಿ," ಎಂದಳು. "ತೂತು ಮುಚ್ಕೊಟ್ರೆ ಬಟ್ಟೆ ನೆನೆಹಾಕ್ಬೌದು."

ಆಮೇಲೆ ಆ ಗಂಟಿನ ಬಟ್ಟೆಯನ್ನು ಒಗೆದು ತಂತಿಯ ಮೇಲೆ ಹರವಿದಳು. ಇವತ್ತಿಗೂ ಅಲ್ಲೇ ಇದೆ. ಅವಳೂ ತೆಗೆದಿಲ್ಲ, ನಾನೂ ಮುಟ್ಟಿಲ್ಲ.

ಎದುರು ಮನೆಯವರು ಬಂದು, ಇಂಥವೇ ನಮಗೂ ಕಟ್ಟಿಕೊಡಿ ಮೇಸ್ತ್ರಿ, ಫಿನಿಶಿಂಗ್ ಸೂಪರ್ ಎಂದರು. ನೀರು ನಿಲ್ಲಿಸುವುದನ್ನೇ ಕೆಲಸ ಎಂದು ಕಲಿತವನಿಗೆ ನೀರನ್ನು ಬಿಡಬೇಕು ಎಂದು ಯಾರು ಹೇಳಬೇಕಿತ್ತು?

ನಾಗಮಣಿ ಹೇಳಿದ್ದಳಲ್ಲ. ಸುಮ್ಕಿರು ಎಂದವನು ನಾನು. (ನಿಮ್ಮ ಮನೆಯಲ್ಲಿ ಹಾಗೆ ಅನ್ನುವವರು ಯಾರೂ ಇಲ್ಲ ತಾನೇ?)

ಈಗ ನನ್ನ ಹತ್ತಿರ ಇರುವುದು ಮಡಿ ನಾಲ್ಕು, ತೂತು ಎಂಟು, ಒಗೆದ ಬಟ್ಟೆ ಒಂದು. ಬೀಜ ಇಲ್ಲ.